ನೀಲಿ ನೀರಿನ ತನಿಖೆ

ಚರಂಡಿಯ ನಿಯಮಗಳನ್ನು ನನ್ನಷ್ಟು ಪ್ರೀತಿಯಿಂದ ಓದಿದ ಮನುಷ್ಯ ಆ ದಿನಗಳಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಇನ್ನೊಬ್ಬನಿರಲಿಲ್ಲ. ಒಳಚರಂಡಿ ಕಚೇರಿಯವರು ಮನೆಮನೆಗೆ ಹಂಚಿದ ತೆಲುಗು ಕರಪತ್ರವನ್ನು ಉಳಿದವರು ಡಬ್ಬಿಯ ತಳಕ್ಕೆ ಹಾಸಿಕೊಂಡರು. ನಾನು ಅಡುಗೆಮನೆಯಲ್ಲಿ ಕುಳಿತು ಅದನ್ನು ಕನ್ನಡಕ್ಕೆ ಇಳಿಸಿದೆ. ಎಣ್ಣೆ, ಸಗಣಿ, ಚಿಂದಿಬಟ್ಟೆ ಚರಂಡಿಗೆ ಹಾಕತಕ್ಕದ್ದಲ್ಲ. ಮಾಳಿಗೆಯ ಮಳೆನೀರಿನ ಪೈಪನ್ನು ಒಳಚರಂಡಿಗೆ ಜೋಡಿಸತಕ್ಕದ್ದಲ್ಲ. ಜೋಡಿಸಿದವರ ಸಂಪರ್ಕ ಕಡಿಯಲಾಗುವುದು. ಎಂಥ ಗಾಂಭೀರ್ಯ! ಓದುತ್ತ ಓದುತ್ತ ನನ್ನ ಕಣ್ಣು ತೇವವಾಯಿತು.

"ನಾ ಉಳ್ಳಾಗಡ್ಡಿ ಹೆಚ್ಚಾಕತ್ತೀನ್ರಿ, ಅದಕ್ಕ," ಎಂದಳು ಹೆಂಡತಿ ಶಿವಲೀಲಾ.

ಎಲ್ಲ ಕಡೆ ಕಂಪ್ಯೂಟರ್ ಕಂಪ್ಯೂಟರ್ ಎನ್ನುತ್ತಿದ್ದ ಕಾಲ. ನಮ್ಮ ಓಣಿಯ ಮೂಲೆಯಲ್ಲಿ ಕಂಪ್ಯೂಟರ್ ಕಲಿಯಲು ಬಂದ ಹುಡುಗರ ಹಾಸ್ಟೆಲ್ ಎದ್ದಿತ್ತು. ಪ್ರತಿ ವರ್ಷ ಅದಕ್ಕೊಂದು ಮಹಡಿ ಮೊಳೆಯುತ್ತಿತ್ತು. ನಾನು ಓಣಿಯ ಸಂಘದ ಕಾರ್ಯದರ್ಶಿ. ನನ್ನ ಮನೆಯ ಪಕ್ಕದಲ್ಲಿ, ಇಳಿಜಾರಿನ ಕೆಳಗೆ, ನಿವೃತ್ತ ಮಾಸ್ತರರಾದ ನರಸಿಂಹಂ ಇದ್ದರು. ಅವರದು ತೆಲುಗು, ನನ್ನದು ರಾಯಚೂರಿನ ಕನ್ನಡ. ನಡುವೆ ದಿನಾ ಸಂಜೆಯ ಚಹಾ.

ನರಸಿಂಹಂ ಅವರ ಕಷ್ಟ ಒಂದೇ. ಮಳೆ ಬಂದರೆ ಅವರ ಬಚ್ಚಲಿನೊಳಗೆ ಚರಂಡಿ ನೀರು ಮೇಲೇರುತ್ತಿತ್ತು. ಆ ವರ್ಷ ಅವರ ಮಗಳು ಲಲಿತ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ದಿನ ತುಂಬುವುದು ಸರಿಯಾಗಿ ಮಳೆಗಾಲಕ್ಕೆ.

"ಪಾಟೀಲ್‌ಗಾರು, ಬಾಣಂತಿಯನ್ನು ಈ ಬಚ್ಚಲಿಗೆ ಹೇಗೆ ಕಳಿಸಲಿ?" ಎಂದು ಅವರು ಒಂದು ಸಂಜೆ ತೆಲುಗಿನಲ್ಲಿ ಕೇಳಿದರು. "ಮಿಯಾಪುರದಲ್ಲಿ ಅವಳ ಅತ್ತೆಯವರ ಮನೆಯಲ್ಲೇ ಆಗಲಿ ಬಿಡಿ." ಹೇಳಿದವರು ಚಹಾ ಕುಡಿಯಲಿಲ್ಲ. ಬಟ್ಟಲಿನಲ್ಲಿ ಕೆನೆ ಕಟ್ಟಿತು.

ನಾನು ಎದ್ದು ನಿಂತೆ. "ಯಾರೋ ಮಳೆನೀರಿನ ಪೈಪನ್ನು ಒಳಚರಂಡಿಗೆ ಜೋಡಿಸಿದ್ದಾರೆ ಮಾಸ್ತರೇ! ಇದು ನಿಯಮಬಾಹಿರ! ಲಲಿತಳ ಬಾಣಂತನ ಈ ಮನೆಯಲ್ಲೇ ಆಗುತ್ತದೆ. ಕಳ್ಳನನ್ನು ನಾನು ಹಿಡಿದುಕೊಡುತ್ತೇನೆ!"

ಕಳ್ಳ ಯಾರೆಂದು ನನಗೆ ಆಗಲೇ ಗೊತ್ತಿತ್ತು. ಹಾಸ್ಟೆಲ್! ಅಂದೇ ಎರಡು ಪುಟಗಳ ಆರೋಪಪಟ್ಟಿ ಬರೆದು ಅವರ ಗೇಟಿಗೆ ಅಂಟಿಸಿದೆ.

ಇಲ್ಲಿಂದ ಮುಂದಿನದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಎಲ್ಲವೂ ಬಹಳ ಅಚ್ಚುಕಟ್ಟಾಗಿ ನೆನಪಾಗುತ್ತಿದೆ. ಅದಕ್ಕೇ ನನಗೆ ಅನುಮಾನ.

ಉಪಾಯ ಹೇಳಿಕೊಟ್ಟವನು ಚರಂಡಿ ಕಚೇರಿಯ ಲೈನ್‌ಮನ್. ಒಣ ದಿನ ನೋಡಿ ಒಂದೊಂದೇ ಮನೆಯ ಮಾಳಿಗೆಯ ಪೈಪಿಗೆ ಬಣ್ಣದ ನೀರು ಸುರಿಯಬೇಕು. ಕೆಳಗೆ ಓಣಿಯ ಚರಂಡಿ ಗುಂಡಿಯ ಮುಚ್ಚಳ ತೆಗೆದು ನೋಡಬೇಕು. ಬಣ್ಣ ಬಂದರೆ ಆ ಮನೆಯವನೇ ಕಳ್ಳ.

ಮೇ ತಿಂಗಳ ಒಂದು ಭಾನುವಾರ ಓಣಿಯವರೆಲ್ಲ ಸೇರಿದರು. ಲೈನ್‌ಮನ್ ಮುಚ್ಚಳ ಎತ್ತಿಟ್ಟು, ಒಂದು ತಾಸಿನಲ್ಲಿ ಬರುತ್ತೇನೆಂದು ಹೋದ. ನಾನು ಗುಂಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತೆ. ಮೂಗಿಗೆ ಕರವಸ್ತ್ರ ಹಿಡಿದಿದ್ದೆ. ಸ್ವಲ್ಪ ಹೊತ್ತಿಗೆ ಅದನ್ನು ಮರೆತೆ. ಓಣಿಯ ಬೆಳಗೆಲ್ಲ ನನ್ನ ಕಾಲಬುಡದಲ್ಲಿ ಹರಿಯುತ್ತಿತ್ತು. ಯಾರೋ ಅಕ್ಕಿ ತೊಳೆದ ಬಿಳಿ ನೀರು. ಯಾರದೋ ಎಣ್ಣೆಸ್ನಾನದ ಸೀಗೆಕಾಯಿ. ಹಿಂದೆಯೇ ಗುಳ್ಳೆಗಳ ಒಂದು ಸಣ್ಣ ಮೆರವಣಿಗೆ. ಪ್ರತಿ ಗುಳ್ಳೆಯಲ್ಲೂ ಕುರ್ಚಿಯ ಮೇಲೆ ಕುಳಿತ ಒಬ್ಬ ಕಾರ್ಯದರ್ಶಿ! ನೀರು ಎಲ್ಲಿಂದಲೋ ನನ್ನ ಹೆಸರು ಹಿಡಿದು ಕರೆಯುತ್ತಿದೆ ಅನ್ನಿಸಿತು.

"ರೀ! ಎಚ್ಚರ ಇದ್ದೀರಿಲ್ಲೋ? ಎಷ್ಟ್ ಸಲ ಒದರಲಿ?" ಮಾಳಿಗೆಯ ಮೇಲಿಂದ ಕರೆಯುತ್ತಿದ್ದವಳು ಶಿವಲೀಲಾ. ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಬಾಟಲಿ ಕದಡಿ, ಬಕೆಟ್ ಹಿಡಿದು ಸಿದ್ಧಳಾಗಿದ್ದಳು. ಹೌದು, ನಮ್ಮದೇ ಮಾಳಿಗೆಯ ಮೇಲೆ. "ನ್ಯಾಯ ನನ್ನ ಮನೆಯಿಂದಲೇ ಆರಂಭವಾಗಲಿ!" ಎಂದು ನಾನು ಸಾರಿದ್ದೆ. ಅದೊಂದು ಸೌಜನ್ಯ, ಅಷ್ಟೇ. ಮದುವೆಯ ಊಟಕ್ಕೆ ಕುಳಿತವನು ಮೊದಲು ಉಪ್ಪು ಬಡಿಸಿಕೊಂಡಂತೆ. ನನ್ನ ಪೈಪು ನೆಲದೊಳಗೆ ಇಳಿದು ರಸ್ತೆಬದಿಯ ಮಳೆಚರಂಡಿಗೆ ಹೋಗುತ್ತದೆ ಎಂಬುದು ನನಗೆ ಸ್ಪಷ್ಟವಾಗಿ ನೆನಪಿತ್ತು. ಸಂಪರ್ಕ ಪಡೆಯುವಾಗ ಹಾಗೆಂದು ಸಹಿಯನ್ನೂ ಹಾಕಿದ್ದೆ.

"ಸುರಿ!" ಎಂದೆ.

ಮೊದಲು ಏನೂ ಇಲ್ಲ. ಆಮೇಲೆ ಅಕ್ಕಿ ತೊಳೆದ ನೀರಿನ ಮೇಲೆ ಒಂದು ನೀಲಿ ಎಳೆ. ಎಳೆ ಅಗಲವಾಯಿತು. ಇಡೀ ಗುಂಡಿ ನೀಲಿಯಾಯಿತು. ಅಂಥ ನೀಲಿಯನ್ನು ನಾನು ಆಕಾಶದಲ್ಲಿಯೂ ಕಂಡಿರಲಿಲ್ಲ. ಎಷ್ಟು ಚೆಂದ ಎಂದು ನೋಡುತ್ತ ಕುಳಿತೆ. ಓಣಿಯವರು ನನ್ನನ್ನು ನೋಡುತ್ತ ನಿಂತಿದ್ದರು.

(ಬೆನ್ನ ಹಿಂದೆ ನಿಂತು ಇದನ್ನು ಓದುತ್ತಿರುವ ಶಿವಲೀಲಾ, "ನೀಲಿ ಎಲ್ಲಿತ್ರಿ? ಹಸರು," ಎನ್ನುತ್ತಿದ್ದಾಳೆ. ಹಸಿರು ಆಮೇಲಿನದು. ಅದಕ್ಕೂ ಬರುತ್ತೇನೆ.)

"ಇದು ಹಾಸ್ಟೆಲ್‌ನವರ ಕುತಂತ್ರ!" ಎಂದು ಎದ್ದೆ. "ಇದೇ ಹೊತ್ತಿಗೆ ಅವರೂ ನೀಲಿ ಸುರಿದಿದ್ದಾರೆ!"

ಹಾಸ್ಟೆಲ್‌ನ ಒಬ್ಬ ಹುಡುಗ ಹಗ್ಗದ ಮೇಲಿನ ಬನಿಯನ್‌ಗಳನ್ನು ತಂದು ನನ್ನ ಮುಂದೆ ಹಿಡಿದ. "ಅಂಕುಲ್, ಮಾ ಬನಿಯನ್ಲು ಚೂಡಂಡಿ." ನೋಡಿದೆ. ಅವು ಹುಟ್ಟಿದಾಗಿನಿಂದ ನೀಲಿಯ ಮುಖ ಕಂಡಿರಲಿಲ್ಲ. ಆರೋಪ ಬಿದ್ದುಹೋಯಿತು.

ಅಲ್ಲಿಗೆ ಸುಮ್ಮನಾಗಿದ್ದರೆ ನಾನೊಬ್ಬ ಸಾಮಾನ್ಯ ಮೂರ್ಖ. ಆದರೆ ನಾನು ಕಾರ್ಯದರ್ಶಿ! "ಒಂದು ಬಕೆಟ್ ನೀರಿನಿಂದ ಏನು ಸಾಬೀತಾಗುತ್ತದೆ? ನಿಜವಾದ ಮಳೆಯಷ್ಟು ನೀರು ಬೇಕು. ಬೇರೆ ಬಣ್ಣ ಬೇಕು!" ಎಂದು ಮಾಳಿಗೆ ಹತ್ತಿದೆ. ಉಪ್ಪಿನಕಾಯಿಗೆಂದು ಶಿವಲೀಲಾ ಕುಟ್ಟಿಸಿಟ್ಟಿದ್ದ ಅರಿಶಿನದ ಡಬ್ಬಿಯನ್ನು ಪೈಪಿನ ಬಾಯಿಗೆ ಬೋರಲು ಹಾಕಿದೆ.

"ಅಯ್ಯ, ವರ್ಷದ ಅರಿಶಿಣ್ರಿ ಅದು!"

"ಸತ್ಯಕ್ಕಿಂತ ಅರಿಶಿನ ದೊಡ್ಡದೇನು?" ಎಂದು ತುಂಬಿದ ನೀರಿನ ಟ್ಯಾಂಕಿನ ವಾಲ್ವು ತಿರುಗಿಸಿದೆ. ಮೇ ತಿಂಗಳ ಹೈದರಾಬಾದಿನಲ್ಲಿ! ಒಂದು ಟ್ಯಾಂಕ್ ನೀರು ಹಳದಿ ಹೊಳೆಯಾಗಿ ಸುಳಿಸುಳಿದು ಪೈಪಿನೊಳಗೆ ಇಳಿಯಿತು. ಒಂದು ಗಳಿಗೆ ನಾನು ಮೋಡವಾಗಿದ್ದೆ.

ಕೆಳಗಿನಿಂದ ನರಸಿಂಹಂ ಅವರ ಕೂಗು ಕೇಳಿತು. ಗುಂಡಿಯಿಂದಲ್ಲ, ಅವರ ಬಚ್ಚಲಿನಿಂದ.

ಓಡಿದೆ. ಬಚ್ಚಲಿನಲ್ಲಿ ಗೇಣೆತ್ತರ ನೀರು. ಗುಂಡಿಯ ನೀಲಿ, ನನ್ನ ಹಳದಿ, ಎರಡೂ ಸೇರಿ ಎಳೆ ಹಸಿರು. ಹುಟ್ಟಲಿರುವ ಕೂಸಿಗೆಂದು ಮಾಸ್ತರರ ಹಳೇ ಪಂಚೆಗಳನ್ನು ಹರಿದು, ಮೆತ್ತಗೆ ಒಗೆದು, ಬುಟ್ಟಿಯಲ್ಲಿ ಇಟ್ಟಿದ್ದರು. ಬುಟ್ಟಿ ಮಗುಚಿತ್ತು. ಚಿಕ್ಕ ಚಿಕ್ಕ ಬಟ್ಟೆಗಳು ಕೊಳದ ಎಲೆಗಳಂತೆ ನಿಧಾನವಾಗಿ ತಿರುಗುತ್ತಿದ್ದವು. ಮಾಸ್ತರರು ಬಗ್ಗಿ ಒಂದು ಬಟ್ಟೆ ಎತ್ತಿದರು, ಹಿಂಡಿದರು, ಮತ್ತೆ ನೀರಿಗೇ ಬಿಟ್ಟರು. ನನ್ನ ಮುಖ ನೋಡಲಿಲ್ಲ.

ಬನಿಯನ್ ಹುಡುಗ ಬಾಗಿಲಲ್ಲಿ ಇಣುಕಿ ತನ್ನ ವಿದ್ಯೆಯನ್ನೆಲ್ಲ ಒಂದು ವಾಕ್ಯದಲ್ಲಿ ಹೇಳಿದ. "ಅಂಕುಲ್, ಇನ್‌ಪುಟ್ ಮೀದೇ, ಔಟ್‌ಪುಟ್ ಮೀದೇ." ಎರಡೂ ನಿಮ್ಮದೇ!

"ನನ್ನ ಪೈಪು ಮಳೆಚರಂಡಿಗೆ ಹೋಗುತ್ತದೆ!" ಓಣಿಗೆ ಬಂದು ಕೂಗಿದೆ. ನನ್ನ ದನಿ ನನಗೇ ದೂರದಿಂದ ಕೇಳಿತು. "ನನಗೆ ನೆನಪಿದೆ!"

"ಇಲ್ಲಲ್ರಿ ಸಾಹೇಬ್ರ," ಎಂದಿತು ಹಾಸ್ಟೆಲ್‌ನ ಹೊಸ ಮಹಡಿಗೆ ಕಟ್ಟಿದ್ದ ಬಿದಿರಿನ ಸಾರುವೆ. ಸಾರುವೆಯಲ್ಲ, ಅದರ ಮೇಲೆ ಕುಳಿತು ಇಷ್ಟು ಹೊತ್ತೂ ಬೀಡಿ ಸೇದುತ್ತ ನೋಡುತ್ತಿದ್ದ ಗೌಂಡಿ ಭೀಮಪ್ಪ. ಯಾದಗಿರಿ ಕಡೆಯವನು. ನನ್ನ ಮನೆ ಕಟ್ಟಿದವನೂ ಅವನೇ. "ಆ ಪೈಪ್ ಗಟಾರಕ್ಕ ನಾನಽ ಜೋಡ್ಸೀನ್ರಿ. ನೀವಽ ಹೇಳಿದ್ರಿ."

"ನಾನಾ? ಯಾವಾಗ?"

"ಮನಿ ಶಾಂತಿ ಹಿಂದಿನ ದಿನ. ಅಂಗಳದಾಗ ಮಳಿ ನೀರು ನಿಂತಿತ್ತು, ಬೀಗರು ಬರಾಕತ್ತಿದ್ರು. 'ಎಲ್ಲೆರ ಕಳಸೋ ಭೀಮಪ್ಪ, ನನ್ನ ಕಣ್ಣಿಗೆ ಕಾಣಬಾರ್ದು' ಅಂದ್ರಿ. ಕಾಣದಾಂಗ ಮಾಡೀನಿ. ಇಷ್ಟು ವರ್ಷ ಕಂಡೈತೇನ್ರಿ?"

ಕಂಡಿರಲಿಲ್ಲ. ಗೃಹಪ್ರವೇಶದ ಆ ದಿನದ ಬಗ್ಗೆ ನನಗೆ ನೆನಪಿದ್ದದ್ದು ಬಾಗಿಲಿನ ಮಾವಿನ ತೋರಣ ಮತ್ತು ಒಣಗಿದ ಸುಂದರ ಅಂಗಳ. ಅಂಗಳ ಯಾಕೆ ಒಣಗಿತು ಎಂದು ಕೇಳುವ ಅಭ್ಯಾಸ ನೆನಪಿಗಿಲ್ಲ.

ಶಿವಲೀಲಾ ಮನೆಗೆ ಹೋದಳು. ನನ್ನ ಆರು ಧೋತರಗಳನ್ನು ತಂದಳು, ಮದುವೆಯ ಜರಿ ಧೋತರವೂ ಸೇರಿ. ಮಾಸ್ತರರ ಪಡಸಾಲೆಯಲ್ಲಿ ಕುಳಿತು ಒಂದೊಂದಾಗಿ ಹರಿದಳು. ಚರ್ ಚರ್ ಎಂಬ ಸದ್ದು ಹತ್ತು ಸಲ ಕೇಳುವ ಹೊತ್ತಿಗೆ ನರಸಿಂಹಂ ನಕ್ಕುಬಿಟ್ಟರು. "ಜರಿ ಬೇಡಮ್ಮಾ, ಕೂಸಿಗೆ ಚುಚ್ಚುತ್ತದೆ." ಆದರೂ ಆಕೆ ಅದನ್ನು ಹರಿದಳು. ನನಗೆ ಚುಚ್ಚಲಿ ಎಂದು.

ಸಂಜೆ ಭೀಮಪ್ಪ ಪೈಪು ಕಡಿದ. ಟ್ಯಾಂಕು ಬರಿದಾಗಿ ಎರಡು ದಿನ ನಮ್ಮ ಮನೆಯಲ್ಲಿ ನೀರಿರಲಿಲ್ಲ. ಹಾಸ್ಟೆಲ್ ಹುಡುಗರು ಕೊಡ ತುಂಬಿ ತಂದುಕೊಟ್ಟರು. ಅವರ ಗೇಟಿನ ಆರೋಪಪಟ್ಟಿಯಲ್ಲಿ ಯಾರೋ ಹೆಸರು ಮಾತ್ರ ತಿದ್ದಿ, ಹಾಗೇ ಬಿಟ್ಟಿದ್ದರು.

ಜೂನ್ ಕೊನೆಗೆ ಲಲಿತ ಕೂಸಿನೊಂದಿಗೆ ತವರಿಗೇ ಬಂದಳು. ಹೆಣ್ಣು ಕೂಸು. ನೀಲಿಮಾ ಎಂದು ಹೆಸರಿಟ್ಟರೆಂದು ಬರೆದರೆ ಕಥೆ ಚೆಂದ ಮುಗಿಯುತ್ತದೆ. ಹಾಗೇ ನೆನಪಿದೆ ಕೂಡ. ಶಿವಲೀಲಾ ಹೇಳುತ್ತಾಳೆ, "ಪದ್ಮಾ ಅಂತ ರೀ."

ಮೊದಲ ದೊಡ್ಡ ಮಳೆಗೆ ನರಸಿಂಹಂ ಬಚ್ಚಲಿನ ಬಾಗಿಲಲ್ಲಿ ಸ್ಟೂಲ್ ಹಾಕಿ ಕಾದರು. ಒಂದು ಹನಿ ಮೇಲೇರಲಿಲ್ಲ. ಏರಬೇಕಾದದ್ದೆಲ್ಲ ನನ್ನ ಅಂಗಳದಲ್ಲಿ ಮೊಳಕಾಲಿನವರೆಗೆ ನಿಂತಿತ್ತು, ನಡುವೆ ನಾನು. ಮಾಸ್ತರರು ನನ್ನ ಜರಿ ಧೋತರದಲ್ಲಿ ಸುತ್ತಿದ ಮೊಮ್ಮಗಳನ್ನು ಎತ್ತಿಕೊಂಡು ಕಿಟಕಿಗೆ ಬಂದರು.

"ಪಾಟೀಲ್‌ಗಾರು, ಈತ ವಚ್ಚಾ?" ಈಜು ಬರುತ್ತದೆಯೇ ಎಂದು!

ಕೊಡೆ ಹಿಡಿದು ಭೀಮಪ್ಪ ಹೋಗುತ್ತಿದ್ದ. ಕರೆದೆ. "ಭೀಮಪ್ಪ, ಈ ನೀರು ಎಲ್ಲೆರ..."

"ಎಲ್ಲಿಗ್ರಿ ಸಾಹೇಬ್ರ? ಈ ಸಲ ಬರದು ಸಹಿ ಮಾಡಿ ಕೊಡ್ರಿ."

ಜೇಬಿಗೆ ಕೈ ಹಾಕಿದೆ. ಪೆನ್ನು ಇತ್ತು. ಮಳೆಗೆ ಶಾಯಿ ಸೋರಿ, ಅಂಗಿಯಿಂದ ಇಳಿದು, ನಿಂತ ನೀರಿನಲ್ಲಿ ನನ್ನ ಸುತ್ತಲೂ ನಿಧಾನವಾಗಿ ನೀಲಿ ಹರಡುತ್ತಿತ್ತು.

(ಹಸರು, ಎನ್ನುತ್ತಾಳೆ ಶಿವಲೀಲಾ.)