ದೀಪ ಅಳ್ಳಾಡದ ಮನೆ

ಗೊರೇಬಾಳದ ತಾಯಪ್ಪನ ನೆಮ್ಮದಿ ಕೆಡಿಸಿದ್ದು ಒಂದು ಹಣತೆ. ಅದೂ ಇನ್ನೂ ಹಚ್ಚದ ಹಣತೆ.

ಮಗಳು ಅಮರೇಶ್ವರಿ ಸಿಂಧನೂರಿನ ಆಸ್ಪತ್ರೆಯಲ್ಲಿ ಗಂಡುಕೂಸು ಹಡೆದು ನಾಲ್ಕು ದಿನವಾಗಿತ್ತು. ಹೆಂಡತಿ ಕನಕಮ್ಮ ಅಲ್ಲೇ ಇದ್ದಳು. ಚೊಚ್ಚಲ ಬಾಣಂತನ ತವರಿನಲ್ಲೇ ಅನ್ನುವುದಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ಬೆಳಿಗ್ಗೆ ಗುರುಗುಂಟಾದಿಂದ ಬೀಗತಿ ಗ್ಯಾನಮ್ಮನ ಫೋನು ಬಂತು.

"ಬೀಗರ, ನಿಮ್ಮೂರು ಗದ್ದಿ ನಡುವ ಐತಿ. ಎಳ್ಳಮಾಸಿ ಮುಂದ ಅಲ್ಲಿ ಥಂಡಿ ಎಂಥಾದಂತ ನನಗೇನು ಗೊತ್ತಿಲ್ಲೇನು? ಇವತ್ತು ಡಿಸ್ಚಾರ್ಜ್ ಐತಲ್ಲ, ಮೊದ್ಲು ನಾ ನಿಮ್ಮನಿಗೆ ಬರ್ತೀನಿ. ಮನಿ ನಡುವ ದೀಪ ಹಚ್ಚಿಡ್ತೀನಿ. ಉರಿ ಅಳ್ಳಾಡಿತೋ, ತಾಯಿ-ಕೂಸು ದವಾಖಾನಿಯಿಂದ ಸೀದಾ ಗುರುಗುಂಟಾಕ್ಕ! ನಮ್ಮತ್ತಿನೂ ಹಿಂಗಾ ನೋಡತಿದ್ಲು."

ತಾಯಪ್ಪ ತಲೆಯೆತ್ತಿ ತಗಡಿನ ಸೂರು ನೋಡಿದ. ತಗಡಿಗೂ ಗೋಡೆಗೂ ನಡುವೆ ಇದ್ದ ಸಂದಿಯಲ್ಲಿ ಊರ ಬೆಕ್ಕೊಂದು ಬಾಗಿಲ ಗೊಡವೆಯೇ ಇಲ್ಲದೆ ದಿನಾ ಬಂದು ಹೋಗುತ್ತಿತ್ತು. ಅಲ್ಲಿ ದೀಪ ನಿಲ್ಲುವುದೆಲ್ಲಿಂದ ಬಂತು! ಮೊಮ್ಮಗನನ್ನು ಅವನು ನೋಡಿದ್ದು ಒಂದೇ ಸಲ, ಅದೂ ನರ್ಸಮ್ಮನ ಕೈಯಲ್ಲಿ. ಟೊಪ್ಪಿಗೆ ಕಂಡಿತ್ತು, ಮುಖ ಕಂಡಿರಲಿಲ್ಲ. ಇನ್ನು ಕೂಸು ಗುರುಗುಂಟಾಕ್ಕೆ ಹೋದರೆ ತೊಡೆ ಮೇಲೆ ಆಡಿಸುವುದು ಯಾವಾಗ?

ಫೋನು ಸ್ಪೀಕರಿನಲ್ಲಿದ್ದುದರಿಂದ ಪಕ್ಕದ ಮನೆಯ ಶೇಖರಮ್ಮನಿಗೆ ಮತ್ತೆ ಹೇಳುವ ಕೆಲಸ ಉಳಿಯಲಿಲ್ಲ.

"ಹಂಗ ಕಣ್ಣು ಪಿಳಿಪಿಳಿ ಬಿಟ್ರ ಗಾಳಿ ನಿಂದರತೈತೇನು? ನೆಲ್ಲಿನ ಹುಲ್ಲು ತುರುಕೋ ಯಪ್ಪಾ! ಗೊರೇಬಾಳದಾಗ ಹುಲ್ಲಿಗೇನು ಬರ ಬಂದೈತಿ?"

ತಾಯಪ್ಪ ಏಣಿ ಹತ್ತಿದ. ಮಧ್ಯಾಹ್ನದವರೆಗೆ ಸುತ್ತಲೂ ಹುಲ್ಲು ತುರುಕಿದ. ಮೈಯೆಲ್ಲ ತುರಿಕೆ. ಇಳಿದು ಒಂದು ಗ್ಲಾಸು ನೀರು ಕುಡಿಯುವಷ್ಟರಲ್ಲಿ ಹಿಂದಿನ ಗೋಡೆಯ ಕಡೆಯಿಂದ ಸರಸರ ಸದ್ದು. ಹೋಗಿ ನೋಡಿದರೆ, ಅಲ್ಲಿ ಸೂರು ಗಿಡ್ಡವಿದ್ದದ್ದು ಒಳ್ಳೆಯದೇ ಆಯಿತೆಂದು ಶೇಖರಮ್ಮನ ಎಮ್ಮೆ ಕತ್ತೆತ್ತಿ ನಿಂತಿತ್ತು.

"ಯಕ್ಕಾ! ನಿಮ್ಮ ಎಮ್ಮಿ ನಮ್ಮ ಮನಿ ತಿನ್ನಾಕತ್ತೈತಿ!"

"ತಿನ್ನಲಿ ಬಿಡಪಾ, ಗಬ್ಬದ ಎಮ್ಮಿ. ಅದಕ್ಕ ಬ್ಯಾಡ ಅಂದ್ರ ಪಾಪ ಬರತೈತಿ. ನೀ ಮತ್ತ ತುರುಕು."

ಮತ್ತೆ ತುರುಕಿದ. ಈ ಸಲ ಎಮ್ಮೆ ಬಾಯಿ ಹಾಕಬಾರದೆಂದು ಮೇಲೆ ಕೆಸರು ಕಲಸಿ ಮೆತ್ತಿದ. ಅರ್ಧ ಕೆಸರು ಗೋಡೆಗೆ ಹತ್ತಿತು, ಅರ್ಧ ಅವನ ಮೀಸೆಗೆ. ಕಿಟಕಿಗೆ ಗೋಣಿಚೀಲ ಹೊಡೆದ. ಅಷ್ಟರಲ್ಲಿ ರಸ್ತೆಯಾಚೆಯ ಪಂಚರ್ ಅಂಗಡಿಯಿಂದ ರಫೀಕ್ ಎದ್ದು ಬಂದ.

"ತಾಯಪ್ಪಣ್ಣ, ಎಲ್ಲಾ ಮಾಡೀದಿ, ಬಾಗಿಲಾ ಬಿಟ್ಟೀದಿ! ಗಾಳಿ ಹಿಡದಿಡೋದು ನನ್ನ ಧಂದೆ. ಇಪ್ಪತ್ತು ವರ್ಷಾತು. ಸರಿ ಆ ಕಡಿ."

ಹಳೆಯ ಸೈಕಲ್ ಟ್ಯೂಬುಗಳನ್ನು ಉದ್ದಕ್ಕೆ ಸೀಳಿ ಬಾಗಿಲ ಚೌಕಟ್ಟಿನ ಸುತ್ತ ಮೊಳೆ ಹೊಡೆದ. ಆಮೇಲೆ ಟ್ಯೂಬಿನ ವಾಲ್ವಿಗೆ ಹಚ್ಚಿದಂತೆ ಸಂದಿಸಂದಿಗೂ ಉಗುಳು ಹಚ್ಚಿ ಗುಳ್ಳೆ ಏಳುತ್ತದೋ ನೋಡಿದ.

"ನೀ ಒಳಗ ಹೋಗಿ ಹಾಕ್ಕೋ, ನಾ ಹೊರಗಿಂದ ನೋಡ್ತೀನಿ."

ತಾಯಪ್ಪ ಒಳಗೆ ಹೋಗಿ ಮೈಯೆಲ್ಲ ಬಲ ಹಾಕಿ ಬಾಗಿಲು ಒತ್ತಿದ. ಹಾಕಿಕೊಂಡಿತು. ತೆಗೆಯಲು ಹೋದರೆ ಬರಲೊಲ್ಲದು. ಜಗ್ಗಿದ. ಚಿಲಕವೇ ಕಿತ್ತು ಕೈಗೆ ಬಂತು.

"ರಫೀಕಾ, ದೂಡೋ!"

ರಫೀಕ್ ದೂಡಿದ, ಶೇಖರಮ್ಮ ದೂಡಿದಳು, ಎಮ್ಮೆ ಸುಮ್ಮನೆ ನೋಡಿತು. ಅದೇ ಹೊತ್ತಿಗೆ ಆಟೋ ಬಂದು ನಿಂತಿತು. ಗ್ಯಾನಮ್ಮ ಇಳಿದಳು.

"ಬೀಗರೆಲ್ಲಿ?"

"ಒಳಗದಾನ್ರೀ," ಎಂದ ರಫೀಕ್, "ಬರಾಕ ಬರವಲ್ದು."

"ಸರೀರಿ," ಎಂದವಳೇ ಗ್ಯಾನಮ್ಮ ಸೆರಗು ಸಿಕ್ಕಿಸಿ ಭುಜ ಕೊಟ್ಟಳು. ಬಾಗಿಲು ಫಟ್ಟೆಂದು ತೆರೆಯಿತು. ಅದರ ಹಿಂದಿದ್ದ ತಾಯಪ್ಪ ಕಾಲು ಮೇಲಾಗಿ ಬಿದ್ದು, ಬಿದ್ದಲ್ಲಿಂದಲೇ ಕೈ ಮುಗಿದ. "ಬರ್ರಿ ಬರ್ರಿ."

ಗ್ಯಾನಮ್ಮ ನಗಲಿಲ್ಲ. ಬಾಗಿಲು ಹಾಕಿಸಿದಳು. ಚೀಲದಿಂದ ಹಣತೆ ತೆಗೆದು, ಎಣ್ಣೆ ಹಾಕಿ, ಮನೆಯ ನಡುವೆ ಹಚ್ಚಿಟ್ಟಳು. ಹುಟ್ಟಿದಾಗಿನಿಂದ ಸುಮ್ಮನಿರದ ಶೇಖರಮ್ಮ ಕೂಡ ಬಾಯಿ ಮುಚ್ಚಿದಳು. ಉರಿ ನೆಟ್ಟಗೆ ನಿಂತಿತು. ಒಂದು ನಿಮಿಷ, ಎರಡು ನಿಮಿಷ. ಇನ್ನೇನು ಗೆದ್ದೆ ಅಂದುಕೊಳ್ಳುವಾಗ ಉರಿ ಒಂದು ಕಡೆ ವಾಲಿತು. ತಾಯಪ್ಪ ಇನ್ನಷ್ಟು ಬಗ್ಗಿ ನೋಡಿದ.

"ಅದು ನಿಮ್ಮ ಉಸುರು, ಬೀಗರ. ಆ ಕಡಿ ತಿರುಗ್ರಿ."

ತಿರುಗಿದ. ಉರಿ ಮತ್ತೆ ನೆಟ್ಟಗಾಯಿತು. ಗ್ಯಾನಮ್ಮ ಮೆಲ್ಲಗೆ ಗೋಡೆಗೊರಗಿ ಕಾಲು ಚಾಚಿದಳು. ಹೊದ್ದಿದ್ದ ಶಾಲು ತೆಗೆದಿಟ್ಟಳು.

"ಕೂಸು ಇಲ್ಲೇ ಇರ್ಲಿ," ಎಂದಳು. ತಾಯಪ್ಪನ ಕಣ್ಣಲ್ಲಿ ನೀರೇ ಬಂತು.

ಗ್ಯಾನಮ್ಮ ಅಷ್ಟರಲ್ಲಿ ಫೋನು ಕಿವಿಗಿಟ್ಟಿದ್ದಳು. ಆ ಕಡೆ ಗಂಡ. "ಏನ್ರೀ, ನನ್ನ ಹಾಸಿಗಿ ಕಟ್ಟಿ ಸಿಂಧನೂರು ಬಸ್ಸಿಗೆ ಹಾಕ್ರಿ. ಏನು ಬೆಚ್ಚಗೈತ್ರಿ ಈ ಮನಿ! ಮಣಕಾಲಿನ ಬ್ಯಾನಿ ಈಗಾ ಅರ್ಧ ಇಳದೈತಿ. ನಮ್ಮನ್ಯಾಗ ಈ ದೀಪ ಒಂದು ಕ್ಷಣ ನಿಂದರಂಗಿಲ್ಲ. ಹ್ಞೂಂ... ಯುಗಾದಿಗೆ ಬರ್ತೀನಿ."

ಇದ್ದದ್ದು ಒಂದೇ ಖೋಲಿ. ಬೀಗತಿ ಮಲಗಿದ ಖೋಲಿಯಲ್ಲಿ ಬೀಗ ಮಲಗಿದರೆ ಊರು ಏನಂದೀತು? ಹೊತ್ತು ಮುಳುಗುವ ಮುಂದೆ ಕನಕಮ್ಮ ಮಗಳನ್ನೂ ಕೂಸನ್ನೂ ಕರೆದುಕೊಂಡು ಬಂದಳು, ತಲೆತನಕ ಹೊದಿಸಿದ ಕೂಸನ್ನು ಸರಸರ ಒಳಗೊಯ್ದಳು, ಗಂಡನ ಕಂಬಳಿ ತಂದು ಹೊರಗಿನ ಕಟ್ಟೆಗೆ ಎಸೆದಳು.

"ಲೇ, ಕೂಸಿನ ಮುಖಾನಾದ್ರೂ ತೋರಿಸು," ಎಂದ ತಾಯಪ್ಪ.

"ಹುಚ್ಚ ಹಿಡದೈತೇನು ನಿಮಗ? ಬಾಗಿಲಾ ತೆಗದ್ರ ಗಾಳಿ ಬರತೈತಿ ಅಂತ ಬೀಗತಿ ಬೈತಾಳ!"

ಬಾಗಿಲು ಹಾಕಿಕೊಂಡಿತು. ಗದ್ದೆ ಕಡೆಯಿಂದ ಗಾಳಿ ಬೀಸತೊಡಗಿತು. ತಾಯಪ್ಪ ಕಂಬಳಿ ಹೊದ್ದು ನಡುಗುತ್ತ ಕೂತ. ಪಕ್ಕದ ಮನೆಯಿಂದ ಶೇಖರಮ್ಮ ಇಣುಕಿದಳು.

"ಏನೋ ತಾಯಪ್ಪ, ಮೊಮ್ಮಗ ಯಾರಂಗದಾನೋ?"

"ಯುಗಾದಿಗೆ ಹೇಳ್ತೀನಿ ಯಕ್ಕಾ," ಎಂದ ತಾಯಪ್ಪ.