ಏಳನೆಯ ಸ್ಪೀಕರ್

ಇರುವುದನ್ನು ಇದ್ದ ಹಾಗೆ ಹೇಳುವುದು ನನ್ನಿಂದ ಆಗದ ಕೆಲಸ. ನಾನು ಸುಳ್ಳು ಹೇಳುವವನಲ್ಲ, ಸ್ವಲ್ಪ ಉದ್ದ ಮಾಡುತ್ತೇನೆ ಅಷ್ಟೇ. ನಮ್ಮದು ಜೀನ್ಸ್ ಪ್ಯಾಂಟು ಹೊಲಿಸುವ ಮನೆ. ಕುಳ್ಳಗಿರುವವರಿಗೂ ಎತ್ತರದವರಿಗೂ ಕಾಲನ್ನು ಒಂದೇ ಉದ್ದಕ್ಕೆ ಬಿಟ್ಟು, ಮಡಚಿಕೊಳ್ಳುವುದು ನಿಮಗೆ ಬಿಟ್ಟದ್ದು ಎನ್ನುವುದು ರಾಯದುರ್ಗದ ನಮ್ಮ ಕಸುಬಿನ ಪದ್ಧತಿ. ನಾನು ಮಾತನ್ನೂ ಹಾಗೆಯೇ ಹೊಲಿಯುತ್ತೇನೆ. ಕೇಳಿದವರು ತಮಗೆ ಬೇಕಾದಷ್ಟು ಮಡಚಿಕೊಳ್ಳಲಿ. ಆದರೆ ಒಮ್ಮೊಮ್ಮೆ ಬಿಟ್ಟ ಉದ್ದ ನನ್ನ ಕಾಲಿಗೇ ತೊಡರುತ್ತದೆ. ಕಾಲೇಜಿನ ಬೇವಿನ ಮರದ ಕೆಳಗೆ ಅವತ್ತು ಆದದ್ದು ಅದೇ. ಗುಮ್ಮಘಟ್ಟದಿಂದ ಷೇರ್ ಆಟೋದಲ್ಲಿ ಬರುವ ನನ್ನ ಗೆಳೆಯ ಸೂರಿ, ತನ್ನ ಮಾವನ ಮನೆಗೆ ಬಂದ ದೊಡ್ಡ ಟಿವಿಯನ್ನು ವರ್ಣಿಸುತ್ತಿದ್ದ. ಅವನು ಕೈಯಗಲಿಸಿ ಅಳತೆ ತೋರಿಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಟಿವಿ ಬಿಡಲೇ. ನಾವು ಮನ್ಯಾಗ ಥಿಯೇಟರೇ ಕಟ್ಟಾಕತ್ತೀವಿ."

"ಎಷ್ಟು ಸ್ಪೀಕರಲೇ?"

"ಏಳು. ಎದಿ ನಡುಗಿಸೋ ಡಬ್ಬಿ ಬ್ಯಾರೆ."

ಈ ಸುದ್ದಿ ಇಡೀ ಕ್ಲಾಸಿಗೆ ತಿಳಿಯಿತು. ತಿಳಿಯದೆ ಉಳಿದದ್ದು ನಮ್ಮ ಮನೆಯವರಿಗೆ ಮಾತ್ರ.

ಅವರಿಗೆ ತಿಳಿಸಲು ನನಗೆ ಸಿಕ್ಕ ನೆಪ ಅಜ್ಜಿಯ ಕಿವಿ. ಅಪ್ಪನ ತಾಯಿ ಈರಮ್ಮಜ್ಜಿಗೆ ಕಿವಿ ಮಂದ. ಹಿಂದಿನ ಕೋಣೆಯಲ್ಲಿ ಸಾಯಂಕಾಲ ಅವಳ ಧಾರಾವಾಹಿ ಶುರುವಾದರೆ, ಟಿವಿಯ ಸದ್ದಿಗೆ ಅಡುಗೆಮನೆಯ ಲೋಟಗಳು ತಾಳ ಹಾಕುತ್ತಿದ್ದವು. ಆ ಧಾರಾವಾಹಿಯ ಸೊಸೆಗೆ ಅಳುವುದೇ ಉದ್ಯೋಗ. ಒಂದು ದಿನ ಅಪ್ಪ ದೂರದ ವ್ಯಾಪಾರಿಯೊಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಅವರು ವ್ಯಾಪಾರದ ಮಾತು ನಿಲ್ಲಿಸಿ, "ಸಾವ್ಕಾರ್ರೇ, ಮನ್ಯಾಗ ಯಾರೋ ಅಳಾಕತ್ತಾರಲ್ರೀ? ಏನಾರ ಆಗಬಾರದ್ದು ಆಯ್ತೇನ್ರೀ?" ಎಂದು ಕೇಳಿಬಿಟ್ಟರು. ಅಪ್ಪನ ಮುಖ ಸಣ್ಣಗಾಯಿತು. ನಾನು ಅದೇ ಗಳಿಗೆಗೆ ಕಾದಿದ್ದವನಂತೆ ಪಕ್ಕದಲ್ಲಿ ಕೂತು, ಅಜ್ಜಿಗೆ ಬೇಕಾದದ್ದು ಜೋರು ಸದ್ದಲ್ಲ, ಸ್ಪಷ್ಟ ಸದ್ದು, ಅದು ಸಿಗುವುದು ಒಳಗಿನ ಸದ್ದು ಹೊರಗೆ ಹೋಗದ ಥಿಯೇಟರಿನಲ್ಲಿ ಮಾತ್ರ ಎಂದು ಬಹಳ ಮರುಕದಿಂದ ಹೇಳಿದೆ. ಅಮ್ಮ ಮಡಕಶಿರಾ ಕಡೆಯವಳು, ಅವಳಿಗೆ ನನ್ನ ಮರುಕದ ಮೇಲೆ ನಂಬಿಕೆ ಕಮ್ಮಿ. "ಏನ್ಲಾ ಇದು, ಅಜ್ಜಿ ಮ್ಯಾಲೆ ಇವತ್ತು ಇಷ್ಟು ಪಿರೂತಿ ಉಕ್ತಾ ಐತೆ? ಎಲ್ಲೋ ಏನೋ ಬೊಗಳೆ ಬಿಟ್ಟು ಬಂದಿದೀಯ ಕಣ್ಲಾ" ಎಂದಳು. ಅಪ್ಪ ಮಾತ್ರ ತಾಯಿಯ ಹೆಸರು ಬಂದ ಮೇಲೆ ಹಿಂದೆಮುಂದೆ ನೋಡಲಿಲ್ಲ. ಮಾಡಿದರೆ ಒಳ್ಳೆಯದೇ ಮಾಡೋಣ ಎಂದುಬಿಟ್ಟ.

ಬಳ್ಳಾರಿಯಿಂದ ಒಬ್ಬ ಡಿಸೈನರ್ ಬಂದರು. ಖಾಲಿ ಮಾಡಿದ ಆ ಹಿಂದಿನ ಕೋಣೆಯ ನಡುವೆ ನಿಂತು, ಕಣ್ಣು ಮುಚ್ಚಿ, ಮೂಲೆ ಮೂಲೆಗೆ ತಿರುಗಿ ಚಪ್ಪಾಳೆ ತಟ್ಟಿದರು. ಗೋಡೆ ಎಷ್ಟು ಪ್ರತಿಧ್ವನಿಸುತ್ತದೆ ಎಂದು ತಿಳಿಯುವ ಕ್ರಮ ಅದು. ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಪಾಪ, ಒಬ್ಬನೇ ಭಜನಿ ಮಾಡಾಕತ್ತಾನಲ್ಲ, ನೀವೂ ಹೋಗಿ ಕೂಡ್ರಿ" ಎಂದಳು. ಗೋಡೆಗೆ ಸದ್ದು ಕುಡಿಯುವ ಮೆತ್ತೆ ಬೇಕು, ಹೊರದೇಶದ್ದು ತರಿಸಬಹುದು, ಇಲ್ಲವೇ ದಪ್ಪ ಬಟ್ಟೆಯ ಚೂರು ಒತ್ತಿ ತುಂಬಿದರೂ ನಡೆಯುತ್ತದೆ ಎಂದರು ಅವರು. ಅಪ್ಪನ ಕಣ್ಣು ಹೊಳೆಯಿತು. ದಪ್ಪ ಬಟ್ಟೆಯ ಚೂರು! ನಮ್ಮ ಊರಲ್ಲಿ ಗಾಳಿ ಬಿಟ್ಟರೆ ಧಾರಾಳವಾಗಿ ಸಿಗುವುದು ಅದೇ. ಕಟಿಂಗ್ ಮಾಡಿ ಉಳಿದ ಜೀನ್ಸ್ ತುಂಡುಗಳ ಚೀಲಗಳು ನಮ್ಮ ಅಟ್ಟ, ಜಗಲಿ, ಮೆಟ್ಟಿಲ ಕೆಳಗೆಲ್ಲ ಸಂಸಾರ ಹೂಡಿದ್ದವು. ಅವನ್ನೆಲ್ಲ ಮರದ ಚೌಕಟ್ಟುಗಳಿಗೆ ಒತ್ತಿ ತುಂಬಿ, ಮೇಲೆ ಕಪ್ಪು ಬಟ್ಟೆ ಬಿಗಿದು, ನಾಲ್ಕೂ ಗೋಡೆ ಮುಚ್ಚಿದೆವು. ಅಜ್ಜಿ ಒಂದೇ ಪ್ರಶ್ನೆ ಕೇಳಿದಳು. "ಆ ಹಿಂದಿನ ಗ್ವಾಡಿ ಯಾಕ ಮುಚ್ತೀರಿ? ಅದೊಂದು ಬಿಡ್ರಿ." ನಾನು ಅವಳಿಗೆ ಶಬ್ದದ ಅಲೆಗಳ ಬಗ್ಗೆ ಒಂದು ಭಾಷಣ ಮಾಡಿದೆ. ಅವಳಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ನನಗೇ ಅರ್ಥವಾಗದ್ದು ಅವಳಿಗೇನು ಆಗುತ್ತಿತ್ತು?

ಸೀಟುಗಳ ವಿಷಯ ಹೇಳದಿದ್ದರೆ ಅಪ್ಪನಿಗೆ ಅನ್ಯಾಯವಾಗುತ್ತದೆ. ಕಾಲು ಚಾಚಿ ಒರಗುವ ಆ ದೊಡ್ಡ ಕುರ್ಚಿಗಳಿಗೆ ನಮ್ಮ ಹೊಲಿಗೆ ಯೂನಿಟ್ಟಿನಲ್ಲೇ ಹೊದಿಕೆ ಹೊಲಿಸಲಾಯಿತು. ಹೊಲಿಯುವವರ ಕೈಗೆ ಪ್ಯಾಂಟಿನ ಅಭ್ಯಾಸ. ಹೀಗಾಗಿ ಪ್ರತಿ ಸೀಟಿಗೂ ಹಿಂದೆ ಎರಡು ಜೇಬು, ಮುಂದೆ ಎರಡು ಜೇಬು, ಅದರೊಳಗೊಂದು ಚಿಲ್ಲರೆ ಜೇಬು, ಬೆನ್ನು ಒರಗುವಲ್ಲಿ ಹಿತ್ತಾಳೆ ಗುಂಡಿ. ಬೆಲ್ಟಿನ ಪಟ್ಟಿಗಳನ್ನೂ ಬಿಟ್ಟಿರಲಿಲ್ಲ. ಪ್ರೊಜೆಕ್ಟರು, ಪರದೆ, ಏಳು ಸ್ಪೀಕರು ಎಲ್ಲ ಅಚ್ಚುಕಟ್ಟಾಗಿ ಕೂತ ದಿನ ರಿಮೋಟು ಕಾಣೆಯಾಯಿತು. ಮನೆಮಂದಿಯೆಲ್ಲ ಕುರ್ಚಿಗಳ ಜೇಬಿಗೆ ಕೈ ಹಾಕುತ್ತಾ ಓಡಾಡಿದ್ದನ್ನು ಪೊಲೀಸರು ಕಂಡಿದ್ದರೆ ನಮ್ಮನ್ನು ಜೇಬುಗಳ್ಳರ ಕುಟುಂಬ ಎಂದೇ ಬರೆದುಕೊಳ್ಳುತ್ತಿದ್ದರು.

ಆದರೂ ಥಿಯೇಟರ್ ಅದ್ಭುತವಾಗಿ ಬಂತು. ಇದನ್ನು ಮಡಚಿಕೊಳ್ಳಬೇಡಿ, ಇದು ಸರಿಯಾದ ಅಳತೆ. ಬಾಗಿಲು ಹಾಕಿದರೆ ನಮ್ಮ ಉಸಿರು ನಮಗೇ ಕೇಳುತ್ತಿತ್ತು. ಬೀದಿಯಲ್ಲಿ ತರಕಾರಿ ಗಾಡಿಯವನು ಮೈಕಿನಲ್ಲಿ ಕೂಗಿದರೂ ಒಳಗೆ ಸುಳಿವಿಲ್ಲ. ಅಜ್ಜಿಯನ್ನು ನಡುವಿನ ಸೀಟಿನಲ್ಲಿ ಕೂರಿಸಿ ಅವಳ ಧಾರಾವಾಹಿ ಹಚ್ಚಿದೆವು. ಸೊಸೆ ಅತ್ತಳು. ಅಜ್ಜಿ ಬೆಚ್ಚಿ ನನ್ನ ಕೈ ಹಿಡಿದು, "ಕೇಳಾಕತ್ತೈತಲೇ! ಎಲ್ಲಾ ಕೇಳಾಕತ್ತೈತಿ!" ಎಂದಳು. ಅಪ್ಪ ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡ. ನಾನು ಆಗಲೇ ಫೋನ್ ತೆಗೆದು, ಮುಂದಿನ ಭಾನುವಾರ ಎಲ್ಲರೂ ಸಿನಿಮಾಕ್ಕೆ ಬನ್ನಿ ಎಂದು ಗೆಳೆಯರಿಗೆ ಸಂದೇಶ ಹಾಕಿದ್ದೆ.

ಎರಡು ಮೂರು ದಿನ ಕಳೆಯಿತು. ಅಜ್ಜಿ ಥಿಯೇಟರಿಗೆ ಬರುವುದನ್ನು ನಿಲ್ಲಿಸಿದಳು. ಸಾಯಂಕಾಲವಾದರೆ ಮುಂದಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಯಾಕೆ ಎಂದರೆ, "ಯಾಕೋ ಮನಸಿಲ್ಲ" ಎನ್ನುವಳು. ಅಪ್ಪ ಎರಡು ದಿನ ನೋಡಿ, ಊಟಕ್ಕೆ ಕೂತಾಗ ತೀರ್ಪು ಕೊಟ್ಟ. "ಅವ್ವ ಕುಂದ್ರಲಾರದ ಥಿಯೇಟರ್ ನನಗ ಬ್ಯಾಡ. ಭಾನುವಾರ ಆ ಮಷೀನೆಲ್ಲ ವಾಪಸ್ ಕಳಸ್ತೀನಿ. ಕ್ವಾಣಿ ಚೀಲಕ್ಕ ಆಗ್ತೈತಿ." ಭಾನುವಾರ! ಸೂರಿ ಬಂದು ಬಾಗಿಲು ತೆಗೆದರೆ ಒಳಗೆ ಜೀನ್ಸ್ ಚೂರಿನ ಚೀಲಗಳು ಸಾಲಾಗಿ ಸಿನಿಮಾ ನೋಡುತ್ತಾ ಕೂತಿರುವ ದೃಶ್ಯ ಕಣ್ಣ ಮುಂದೆ ಬಂತು.

ಮಾರನೇ ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಾಗ ಗಿಡ್ಡ ಗೋಡೆಯ ಆ ಕಡೆಯಿಂದ ಗಂಗಮ್ಮಜ್ಜಿ ಕರೆದಳು. ಅವಳು ನಮ್ಮ ಪಕ್ಕದ ಮನೆಯವಳು, ಅಜ್ಜಿಯ ಓರಗೆಯವಳು. ಕಣ್ಣು ಹೆಚ್ಚುಕಡಿಮೆ ಕಾಣುವುದಿಲ್ಲ. ಆದರೂ ತನ್ನ ಎಮ್ಮೆಯ ಹಾಲನ್ನು ತಡವಿಕೊಂಡೇ ಕರೆಯುತ್ತಾಳೆ. ಆ ಎಮ್ಮೆಯ ಕೊಟ್ಟಿಗೆಗೂ ನಮ್ಮ ಥಿಯೇಟರಿಗೂ ನಡುವೆ ಇರುವುದು ಒಂದೇ ಗೋಡೆ, ಅಜ್ಜಿ ಬಿಡಿ ಎಂದಿದ್ದಳಲ್ಲ, ಅದೇ.

"ಏನಪಾ, ನಿಮ್ಮ ಟಿವಿ ಕೆಟ್ಟೈತೇನು? ಎಷ್ಟೋ ದಿನಾತು, ಸದ್ದಿಲ್ಲ, ಸುದ್ದಿಲ್ಲ. ನನ್ನ ಎಮ್ಮಿ ಆ ಹಾಡು ಕೇಳದ ಹಾಲಿನ ತೊರಿ ಬಿಡವಲ್ಲದು. ನಿಮ್ಮಜ್ಜಿನೂ ಗ್ವಾಡಿ ಕಡಿ ಬರವಲ್ಲಳು. ಸಿಟ್ಟಾಗ್ಯಾಳೇನು?"

ಆಗ ನನಗೆ ಎಲ್ಲ ತಿಳಿಯಿತು. ಇಷ್ಟು ವರ್ಷ ಸಾಯಂಕಾಲ ಹಾಲು ಕರೆಯುತ್ತಾ ಗಂಗಮ್ಮಜ್ಜಿ ಗೋಡೆಯಾಚೆಯಿಂದ ಧಾರಾವಾಹಿ ಕೇಳುತ್ತಿದ್ದಳು. ನಮ್ಮಜ್ಜಿ ಈಚೆಯಿಂದ ನೋಡುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಹಿತ್ತಲ ಗೋಡೆಗೆ ಬಂದು, ಕಿವಿ ಕೇಳುವವಳು ಕೂಗಿ ಮಾತು ಕೊಟ್ಟು, ಕಣ್ಣು ಕಾಣುವವಳು ಸೀರೆ, ಒಡವೆ, ಮುಖದ ಚಹರೆ ಕೊಟ್ಟು, ನಿನ್ನೆಯ ಕಥೆಯನ್ನು ಪೂರ್ತಿ ಮಾಡಿಕೊಳ್ಳುತ್ತಿದ್ದರು. ಸದ್ದು ಮನೆಯಿಂದ ಹೊರಗೆ ಹೋದರೆ ಅದು ಸೋರಿಕೆ ಎಂದು ಡಿಸೈನರ್ ಹೇಳಿದ್ದರು. ಸೋರಿದ್ದು ಯಾರ ಪಾತ್ರೆಗೆ ಬೀಳುತ್ತಿತ್ತು ಎಂದು ನಾವ್ಯಾರೂ ನೋಡಿರಲಿಲ್ಲ. ಅಜ್ಜಿಯನ್ನು ಕೇಳಿದೆ. ಅವಳು ಸುತ್ತಮುತ್ತ ನೋಡಿ ಗುಟ್ಟಾಗಿ ಹೇಳಿದಳು. "ಈಗ ಎಲ್ಲಾ ಕೇಳ್ತೈತಪಾ, ಸುಳ್ಳ್ಯಾಕ ಹೇಳ್ಲಿ. ಆದರ ಆ ಹುಡುಗಿ ಆಡೋ ಮಾತು ಏನೂ ರುಚಿ ಇಲ್ಲ. ಅತ್ತಿ ಬೈದರ ಸುಮ್ಮನ ಅಳ್ತಾಳ. ಗಂಗಿ ಹೇಳೋ ಸೊಸಿ ಹಂಗಲ್ಲ, ಅತ್ತಿಗೆ ಸರೀ ಜವಾಬು ಕೊಡ್ತಿದ್ಲು." ನನಗಿಂತ ಉದ್ದ ಬಿಡುವವರು ಪಕ್ಕದ ಮನೆಯಲ್ಲೇ ಇದ್ದರು!

ಗಂಗಮ್ಮಜ್ಜಿಯನ್ನು ಥಿಯೇಟರಿಗೇ ಕರೆದೆ. "ಹಾಲು ಕರಿಯೋ ಹೊತ್ತಿನ್ಯಾಗ ನಾ ಬಂದ್ರ ಎಮ್ಮಿ ಎಲ್ಲಿ ಕುಂದ್ರತೈತಿ? ಅದಕ್ಕೂ ಒಂದು ಕುರ್ಚಿ ಐತೇನು?" ಎಂದಳು. ಕೊನೆಗೆ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಹಿಂದಿನ ಎಡ ಮೂಲೆಯಲ್ಲಿ ಜೀನ್ಸ್ ಚೂರು ಕಿತ್ತು, ಗೋಡೆಗೆ ತೂತು ಕೊರೆಸಿ, ವೈರು ಎಳೆಸಿ, ಅಲ್ಲಿದ್ದ ಏಳನೆಯ ಸ್ಪೀಕರನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿದೆ. ಎಂಥ ಉಪಾಯ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆದರೆ ಹಿಂದಿನ ಮೂಲೆಯ ಸ್ಪೀಕರಿನಲ್ಲಿ ಮಾತು ಬರುವುದಿಲ್ಲ, ಗಾಳಿ, ಗುಡುಗು, ನಾಯಿ ಬೊಗಳುವುದು ಇಂಥವು ಮಾತ್ರ ಬರುತ್ತವೆ ಎನ್ನುವುದು ಆ ಗಡಿಬಿಡಿಯಲ್ಲಿ ಮರೆತೇಹೋಗಿತ್ತು. ಮಾರನೇ ಬೆಳಿಗ್ಗೆ ಹೆದರುತ್ತಲೇ ಹಿತ್ತಲಿಗೆ ಹೋದೆ.

"ನಿನ್ನೆ ಏನ್ ಗಾಳಿ ಈರಮ್ಮ! ಸೊಸಿ ಮನಿ ಬಿಟ್ಟು ಹೊಂಟ್ಲು, ಹೌದಿಲ್ಲೋ? ನಾಯಿ ಬೊಗಳಿದ್ದು ಕೇಳಿದೆ ನಾ. ಹೋಗೋ ಮುಂದ ಅತ್ತಿಗೆ ನಾಕು ಮಾತು ಅಂದೇ ಹೋದ್ಲು."

ನಿಜವಾಗಿ ಅವತ್ತು ಸೊಸೆ ಅಡುಗೆಮನೆ ಬಿಟ್ಟು ಅಲುಗಿರಲಿಲ್ಲ. ನಮ್ಮಜ್ಜಿ ನನ್ನ ಕಡೆ ಒಮ್ಮೆ ನೋಡಿ, ಗೋಡೆಯ ಮೇಲೆ ಮೊಣಕೈ ಊರಿ, "ಹೌದ ಗಂಗಿ! ಹಸರು ಸೀರಿ ಉಟ್ಟಿದ್ಲು" ಎಂದಳು. ಮಾತು ಬರುವ ಹಾಗೆ ವೈರು ಬದಲಿಸಲೇ ಎಂದು ಕೇಳಿದ್ದಕ್ಕೆ ಅಜ್ಜಿ, "ಸುಮ್ಮನಿರು, ಈಗ ಚಲೋ ನಡದೈತಿ" ಎಂದಳು. ಅವತ್ತು ಸಾಯಂಕಾಲ ಅವಳು ತಾನಾಗಿಯೇ ಬಂದು ನಡುವಿನ ಸೀಟಿನಲ್ಲಿ ಕೂತಳು. ಅಪ್ಪ ಚೀಲಗಳ ಮಾತು ಎತ್ತಲಿಲ್ಲ.

ಭಾನುವಾರ ಗೆಳೆಯರು ಬಂದರು. ಸೂರಿ ಕೂರುವ ಮೊದಲೇ ಗೋಡೆ ಗೋಡೆ ನೋಡಿ, "ಏಳು ಅಂದಿದ್ದಿ, ಆರೇ ಅದಾವಲ್ಲಲೇ" ಎಂದ. "ಸುಮ್ಮನ ಕುಂದ್ರು, ಗೊತ್ತಾಗ್ತೈತಿ" ಎಂದು ದೀಪ ಆರಿಸಿದೆ. ಸಿನಿಮಾದಲ್ಲಿ ದಟ್ಟ ಕಾಡು. ಕತ್ತಲಲ್ಲಿ ನಾಯಕ ಒಬ್ಬನೇ ನಡೆಯುತ್ತಿದ್ದಾನೆ, ಸಂಗೀತ ನಿಂತಿದೆ, ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ಆಗ ಹಿಂದಿನ ಎಡ ಮೂಲೆಯಿಂದ, ಬೆನ್ನುಹುರಿ ನಡುಗುವ ಹಾಗೆ, ಉದ್ದಕ್ಕೆ, ಆಳವಾಗಿ ಒಂದು ಕೂಗು ಬಂತು. ಇಬ್ಬರು ಕಿರುಚಿದರು. ಸೂರಿ ಸೀಟಿನ ಎರಡೂ ಜೇಬಿಗೆ ಕೈ ತುರುಕಿಕೊಂಡು ಮುದುಡಿಬಿಟ್ಟ. ದೀಪ ಹಾಕಿದ ಮೇಲೂ ಅವರಿಗೆಲ್ಲ ಅದೇ ಮಾತು. "ಏನ್ ಸೌಂಡಲೇ! ಆ ಪ್ರಾಣಿ ಕಿವಿ ಹಿಂದ ನಿಂತಂಗಿತ್ತು. ಯಾವ ಕಂಪನಿ ಸ್ಪೀಕರಲೇ ಅದು?"

ಕೊರೆದ ತೂತಿನಲ್ಲಿ ಸದ್ದು ಆ ಕಡೆ ಹೋಗುವ ಹಾಗೆಯೇ ಈ ಕಡೆಗೂ ಬರುತ್ತದೆ ಎಂದು ನನಗೂ ಆಗಲೇ ಹೊಳೆದದ್ದು. ಅಂದು ನನಗೇನಾಯಿತೋ, ಹುಟ್ಟಿದ ಮೇಲೆ ಮೊದಲ ಸಲ ಒಂದಿಂಚೂ ಉದ್ದ ಬಿಡದೆ ಹೇಳಿದೆ.

"ಅದು ಸ್ಪೀಕರ್ ಅಲ್ಲಲೇ. ಪಕ್ಕದ ಮನಿ ಗಂಗಮ್ಮಜ್ಜಿ ಎಮ್ಮಿ."

ಸೂರಿ ಎದ್ದು, ಜೇಬಿನಿಂದ ಕೈ ತೆಗೆದು, ಬಹಳ ಬೇಸರದಿಂದ ನನ್ನ ಭುಜ ತಟ್ಟಿದ. "ಹೇಳಾಕ ಮನಸಿಲ್ಲಂದ್ರ ಬಿಡಲೇ. ಅದಕ್ಕ ಇಂಥಾ ಸುಳ್ಳು ಹೇಳಬ್ಯಾಡ."