ಗಿರಾಕಿಯಾಗಿ ಬಂದ ಆಕಾಶ

ನನ್ನ ಸೋದರಮಾವ ಅರಸೀಕೆರೆಯಲ್ಲಿ ಮೂವತ್ತು ವರ್ಷ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದರು. ಆ ಮೂವತ್ತು ವರ್ಷದಲ್ಲಿ ಒಂದು ಸಲವೂ ಕ್ಯಾಮೆರಾವನ್ನು ಹೊಸ್ತಿಲು ದಾಟಿಸಲಿಲ್ಲ! ಮದುವೆಮನೆಗೆ ಬನ್ನಿ ಎಂದು ಕರೆದವರಿಗೆ, "ಗಂಡು ಹೆಣ್ಣನ್ನ ಇಲ್ಲಿಗೇ ಕಳ್ಸಿ, ಎರಡು ನಿಮಿಷದ ಕೆಲಸ" ಎನ್ನುತ್ತಿದ್ದರು. ಕ್ಯಾಮೆರಾದ ಮೂರು ಕಾಲು ಎಲ್ಲಿರಬೇಕೆಂದು ನೆಲದ ಮೇಲೆ ಬಿಳಿ ಬಣ್ಣದಲ್ಲಿ ಮೂರು ಸೊನ್ನೆ ಬರೆದಿದ್ದರು. ಕ್ಯಾಮೆರಾ ಕದಲಬಾರದು, ಗಿರಾಕಿ ಬಂದು ಕೂರಬೇಕು. ಅಷ್ಟೇ ಅವರ ಶಾಸ್ತ್ರ.

ಕಪ್ಪು ಬಿಳುಪಿನ ಕಾಲ. ಸ್ವಲ್ಪ ಅನುಕೂಲಸ್ಥರು ಬಂದರೆ ಚಿತ್ರಕ್ಕೆ ಕೈಯಲ್ಲೇ ಬಣ್ಣ ಹಚ್ಚಿಕೊಡುತ್ತಿದ್ದರು. "ಸೀರೆ ಯಾವ ಬಣ್ಣಮ್ಮಾ?" ಎಂದು ಕೇಳಿ, ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುವುದು ಪದ್ಧತಿ. "ಬಣ್ಣ: ಕೆಂಪು. ಹೇಳಿದವರು: ಗಿರಾಕಿಯ ಅತ್ತೆ." ಆಮೇಲೆ ಯಾರೂ ತಕರಾರು ತೆಗೆಯಬಾರದಲ್ಲ! ಆದರೂ ನನ್ನ ಅಮ್ಮನ ಮದುವೆ ಚಿತ್ರದಲ್ಲೇ ಎಡವಟ್ಟಾಯಿತು. ಅಜ್ಜಿ, ಅಂದರೆ ಅವರ ಸ್ವಂತ ತಾಯಿ, ಚಿತ್ರ ಹಿಡಿದುಕೊಂಡು ಸ್ಟುಡಿಯೊಗೇ ನುಗ್ಗಿದರಂತೆ.

"ಲೋ, ನನ್ನ ಮಗಳು ಧಾರೆಗೆ ಉಟ್ಟಿದ್ದು ಕೆಂಪು ಸೀರೆ ಕಣೋ! ಇದೇನೋ ಪಾಚಿ ಬಳಿದಿದ್ದೀಯ?"

"ಅದು ಕಲೆ ಅಮ್ಮಾ, ಕಲೆ!"

ಅಂದಿನಿಂದ ನಮ್ಮ ಮನೆಯಲ್ಲಿ ಪಲ್ಯ ಸೀದರೂ ಅದು "ಮಾವನ ಕಲೆ".

ಕಲರ್ ಫೋಟೊ ಬಂದ ಮೇಲೆ ಊರಿನ ಸ್ಟುಡಿಯೊಗಳೆಲ್ಲ ಮಿರಮಿರ ಮಿಂಚಿದವು. ಮಾವ ಮಾತ್ರ ಮೂಗು ಮುರಿದರು. "ಬಣ್ಣ ಬಂತು, ಮುಖ ಹೋಯ್ತು" ಎಂದು ಎಲ್ಲರೆದುರು ಸಾರಿ, ಇದ್ದ ಗಿರಾಕಿಗಳನ್ನೂ ಕಳೆದುಕೊಂಡು ಬಾಗಿಲು ಹಾಕಿದರು. ಹಟಮಾರಿ ಎಂದರು ನೆಂಟರು. ನಾನೂ ಹಾಗೇ ಅಂದುಕೊಂಡಿದ್ದೆ.

ಮದುವೆ ಮಾಡಿಕೊಳ್ಳದ ಈ ಮಾವನನ್ನು ತೊಂಬತ್ತು ದಿನದ ವೀಸಾ ಮಾಡಿಸಿ ಸ್ವೀಡನ್ನಿಗೆ ಕರೆಸಿಕೊಂಡೆವು. ನನ್ನ ಗಂಡನಿಗೆ ಆಗ ಟ್ರೋಲ್‌ಹೆಟ್ಟನ್‌ನಲ್ಲಿ ಕೆಲಸ. ಮಾವ ನನಗೊಂದು ಸೀರೆ ತಂದಿದ್ದರು. ಅದರ ಸೆರಗಿಗೆ ಗುಂಡುಪಿನ್ನಿನಿಂದ ಒಂದು ಚೀಟಿ: "ಮೆರೂನ್". ಸುಂಕದವರಿಗೆ ತೋರಿಸಲು ಇಟ್ಟುಕೊಂಡಿರಬೇಕು ಎಂದುಕೊಂಡು ಕಿತ್ತೆಸೆದೆ.

ಬಂದ ಮೂರನೆಯ ದಿನವೇ ಅಪ್ಪಣೆಯಾಯಿತು: ರಾತ್ರಿ ಆಕಾಶದಲ್ಲಿ ಹಸಿರಾಗಿ ಹೊಳೆಯುವ ಉತ್ತರಧ್ರುವದ ಬೆಳಕಿನ ಫೋಟೊ ತೆಗೆಯಬೇಕು!

"ಮಾವ, ಅದಕ್ಕೆ ಉತ್ತರದ ತುದೀಲಿರೋ ಕಿರುನಾಗೆ ಹೋಗ್ಬೇಕು. ಒಂದಿಡೀ ದಿನ ಟ್ರೈನು" ಎಂದರು ನಮ್ಮವರು. "ನಮ್ಮೂರಿಗೆಲ್ಲ ಅದು ಬರೋದು ತುಂಬಾ ಅಪರೂಪ."

"ಬರತ್ತೆ ತಾನೆ?"

"ಬರತ್ತೆ, ಅಪರೂಪಕ್ಕೆ."

"ಮತ್ತೆ ನಾವ್ಯಾಕೆ ಹೋಗ್ಬೇಕು? ಗಿರಾಕಿನೇ ಬರ್ಲಿ!"

ಉತ್ತರಕ್ಕೆ ಮುಖ ಮಾಡಿದ್ದ ಏಕೈಕ ಕಿಟಕಿ ನನ್ನ ಅಡುಗೆಮನೆಯದು. ನಮ್ಮವರ ಹೊಸ ಡಿಜಿಟಲ್ ಕ್ಯಾಮೆರಾ ಅಲ್ಲಿ ಟ್ರೈಪಾಡ್ ಏರಿತು. ನಿಮಿಷಕ್ಕೊಂದು ಚಿತ್ರ ತಾನೇ ತೆಗೆಯುವಂತೆ ನಮ್ಮವರು ಅದಕ್ಕೆ ಹೇಳಿಕೊಟ್ಟರು. ಮಾವ ನನ್ನ ನೇಲ್ ಪಾಲಿಶ್ ಇಸಿದುಕೊಂಡು ಬಾಡಿಗೆ ಮನೆಯ ನೆಲದ ಮೇಲೆ ಮೂರು ಸೊನ್ನೆ ಬರೆದರು. ಊಟದ ಮೇಜು ಹಜಾರಕ್ಕೆ ಹೋಯಿತು. ಕತ್ತಲಾದ ಮೇಲೆ ಅಡುಗೆಮನೆಯಲ್ಲಿ ದೀಪ ಹಾಕುವಂತಿಲ್ಲ, ಗಾಜಿನಲ್ಲಿ ಬೆಳಕು ಹೊಳೆಯುತ್ತದೆ. ಒಗ್ಗರಣೆ ಹಾಕುವಂತಿಲ್ಲ, ಲೆನ್ಸಿಗೆ ಜಿಡ್ಡು ಹತ್ತುತ್ತದೆ. ಬಾಗಿಲು ತಟ್ಟದೆ ಒಳಗೆ ಬರುವಂತಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹತ್ತು ವರ್ಷ ಕಲಿಸಿದ "ಮೇ ಐ ಕಮ್ ಇನ್" ಕೊನೆಗೂ ಉಪಯೋಗಕ್ಕೆ ಬಂತು, ಅದೂ ನನ್ನದೇ ಅಡುಗೆಮನೆಗೆ! ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನಾನು ಕತ್ತಲಲ್ಲಿ ದೋಸೆ ಹೊಯ್ದಿದ್ದೇನೆ. ದೋಸೆ ತಿರುವಿ ಹಾಕಲು ವಾಸನೆಯೊಂದೇ ಗುರುತು.

ಇನ್ನೊಂದು ತಮಾಷೆ ಕೇಳಿ. ನಮ್ಮ ಕಿಟಕಿಯ ಎದುರಿಗೇ ತ್ವೆಟ್‌ಸ್ಟುಗ, ಅಂದರೆ ಎಲ್ಲ ಮನೆಯವರೂ ಸರದಿಯ ಮೇಲೆ ಬಟ್ಟೆ ಒಗೆದುಕೊಳ್ಳುವ ಪುಟ್ಟ ಕಟ್ಟಡ. ಇಲ್ಲಿಯ ಜನ ಎದುರೆದುರು ಜಗಳವಾಡುವುದಿಲ್ಲ. ಅಲ್ಲಿನ ಗೋಡೆಗೆ ಚೀಟಿ ಅಂಟಿಸುತ್ತಾರೆ. "ಡ್ರೈಯರಿನ ಜಾಲರಿಯಲ್ಲಿ ಧೂಳು ಬಿಟ್ಟುಹೋದ ಮಹನೀಯರೇ..." ಇತ್ಯಾದಿ. ಮಾವನ ಕ್ಯಾಮೆರಾ ಕಿಟಕಿಯಲ್ಲಿ ಕೂತ ಎರಡೇ ವಾರಕ್ಕೆ ಚೀಟಿಗಳೆಲ್ಲ ಮಾಯ! ಜಾಲರಿ ಫಳಫಳ, ನೆಲ ಒಣಗಿದ್ದು, ಎಲ್ಲರೂ ಸರದಿ ಮುಗಿಯಲು ಐದು ನಿಮಿಷ ಇರುವಾಗಲೇ ಬುಟ್ಟಿ ಎತ್ತಿಕೊಂಡು ಹೊರಗೆ. ಮೇಲಿನ ಮನೆಯ ಹಿರಿಯ ಹೆಂಗಸು ಮೆಟ್ಟಿಲ ಮೇಲೆ ನಮ್ಮವರ ಕೈ ಹಿಡಿದು, "ಕೊನೆಗೂ ನೀವೊಬ್ಬರಾದರೂ ಕ್ರಮ ಕೈಗೊಂಡಿರಿ" ಎಂದು ಕೃತಜ್ಞತೆ ಹೇಳಿದರು. ಕ್ಯಾಮೆರಾ ನೋಡುತ್ತಿರುವುದು ಛಾವಣಿಯ ಮೇಲಿನ ಆಕಾಶವನ್ನು ಎಂದು ಹೇಳಲು ನಮಗಿಬ್ಬರಿಗೂ ಮನಸ್ಸಾಗಲಿಲ್ಲ.

ಗಿರಾಕಿ ಮಾತ್ರ ಪತ್ತೆಯಿಲ್ಲ. ಪ್ರತಿ ಬೆಳಿಗ್ಗೆ ಮಾವ ನೂರಾರು ಚಿತ್ರ ಒಂದೊಂದಾಗಿ ನೋಡುತ್ತಿದ್ದರು: ಮೋಡ, ಮೋಡ, ಮಳೆ, ಮೋಡ. ಒಂದು ದಿನ ಕೂಗಿಕೊಂಡರು.

"ಬಾರೇ ಇಲ್ಲಿ! ಬಂದ್ಬಿಟ್ಟಿದೆ! ಹಸ್ರು ಅಂದ್ರೆ ಇದೇ ತಾನೆ?"

ಹೋಗಿ ನೋಡಿದರೆ ಪಾರ್ಕಿಂಗ್ ಜಾಗದ ದೀಪದ ಬೆಳಕು ಬಡಿದು ಮೋಡ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ನಕ್ಕೂ ನಕ್ಕೂ ಸಾಕಾಯಿತು. "ಮಾವ, ಇದು ನಿಮ್ಮ ಕಲೆ!" ಎಂದೆ.

"ಹಾಳಾದ್ದು, ಕನ್ನಡಕ ಹಾಕಿರ್ಲಿಲ್ಲ ನೋಡು" ಎಂದು ಅವರೂ ನಕ್ಕರು.

ಕನ್ನಡಕ ಅವರ ಮೂಗಿನ ಮೇಲೇ ಇತ್ತು. ನಾನು ನೋಡಿದೆ, ಆದರೆ ನಗುತ್ತಲೇ ಹೊರಗೆ ಬಂದೆ.

ದಿನ ಕಳೆದಂತೆ ಮಾವನ ಮಾತು ಕಡಿಮೆಯಾಯಿತು. ಸೂಟ್‌ಕೇಸು ಹಜಾರಕ್ಕೆ ಬಂತು. ವಿಮಾನ ಹತ್ತಲು ಐದು ದಿನವಿತ್ತು. ಸಂಜೆ ಆರಕ್ಕೇ ಕಗ್ಗತ್ತಲು. ಒಣಗಿದ ಬಟ್ಟೆ ತರಲು ತ್ವೆಟ್‌ಸ್ಟುಗಕ್ಕೆ ಹೋಗಿದ್ದ ಮಾವ ಬುಟ್ಟಿಯೊಂದಿಗೆ ವಾಪಸು ಬಂದು, "ಇವತ್ತೂ ಮೋಡ ಕಣೇ. ಬಿಚ್ಚಿಟ್ಬಿಡ್ಲಾ ಇದನ್ನ?" ಎನ್ನುತ್ತ ಕ್ಯಾಮೆರಾದ ಕಡೆ ಕೈ ಚಾಚಿದರು. ಅಷ್ಟರಲ್ಲಿ ಅದು ಇನ್ನೊಂದು ಚಿತ್ರ ತೆಗೆದು, ಬೆನ್ನ ಮೇಲಿನ ಪುಟ್ಟ ಪರದೆಯಲ್ಲಿ ತೋರಿಸಿತು.

ತ್ವೆಟ್‌ಸ್ಟುಗದ ಛಾವಣಿಯ ಮೇಲೆ ಹಸಿರು ಪರದೆ ಇಳಿಬಿದ್ದಿತ್ತು!

"ಮಾವಾ!" ಎಂದು ಕಿರುಚಿ, ಕೈಯಲ್ಲಿದ್ದ ಸೌಟಿನ ಸಮೇತ ಅವರನ್ನು ಎಳೆದುಕೊಂಡು ಮೆಟ್ಟಿಲಿಳಿದೆ. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಆಕಾಶವೆಲ್ಲ ಅಲೆಯಾಡುತ್ತಿದೆ, ಮಡಚಿಕೊಳ್ಳುತ್ತಿದೆ, ಬಿಚ್ಚಿಕೊಳ್ಳುತ್ತಿದೆ.

"ಇದಾ?" ಎಂದರು ಮಾವ. "ಈಗ ತಾನೆ ನೋಡ್ದೆನಲ್ಲ. ಮೋಡ ಅಂದ್ಕೊಂಡೆ."

"ಮೋಡ ಎಲ್ಲಿದೆ ಮಾವ? ಎಷ್ಟು ಹಸಿರು ನೋಡಿ!"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ, ನನ್ನ ಕಡೆ ತಿರುಗದೆ, "ನಂಗೆ ಕಾಣಲ್ಲ ಕಣೇ" ಎಂದರು. "ಹಸ್ರು, ಕೆಂಪು ಎಲ್ಲಾ ಒಂದೇ ಥರ. ಹುಟ್ಟಿದಾಗಿಂದ್ಲೂ. ಬಾಟ್ಲಿ ಮೇಲೆ ಬಣ್ಣದ ಹೆಸ್ರು ಇರ್ತಿತ್ತು, ನಡೀತು. ನಿಮ್ಮಮ್ಮನ ಸೀರೆಗೆ ಬಳಿಯೋವಾಗ ಬಾಟ್ಲಿ ಚೀಟಿ ಕಿತ್ತೋಗಿತ್ತು."

"ಯಾರಿಗೂ ಹೇಳ್ಲಿಲ್ವಾ ಮಾವ?"

"ಬಣ್ಣ ಕಾಣದವನ ಸ್ಟುಡಿಯೊಗೆ ಯಾರ್ ಬರ್ತಾರೆ? ಹಟಮಾರಿ ಅಂದ್ರು, ಅದೇ ವಾಸಿ ಅನ್ನಿಸ್ತು." ಆಕಾಶದ ಕಡೆ ಕೈ ತೋರಿಸಿದರು. "ಇದಕ್ಕೆ ಮುಖ ಇಲ್ಲ, ಬರೀ ಬಣ್ಣ ಅಂತ ಕೇಳಿದ್ದೆ. ಸಾಯೋದ್ರೊಳಗೆ ಒಂದಾದ್ರೂ ಕಲರ್ ಫೋಟೊ ತೆಗೀಬೇಕು ಅಂತ ಆಸೆ ಇತ್ತು. ಹೆಂಗಿದೆ ಹೇಳು."

ಗಿಳಿಯ ಥರ ಎಂದೆ. ಬಾಳೆಯ ಸುಳಿಯ ಥರ ಎಂದೆ. ಅವರು ತಲೆಯಾಡಿಸಿದರು, ಪಾಪ, ನನ್ನ ಸಮಾಧಾನಕ್ಕೆ. ಅವರ ಗಿಳಿ ಯಾವ ಬಣ್ಣವೋ! ಕೈಯಲ್ಲಿದ್ದ ಸೌಟನ್ನೇ ನೋಡುತ್ತ ನಿಂತೆ. ಆಮೇಲೆ ಹೊಳೆಯಿತು.

"ಮಾವ, ಹಸೀ ಮಾವಿನಕಾಯಿ ಸೀಳಿ, ಉಪ್ಪು ಹಚ್ಚಿ ಕಚ್ತೀವಲ್ಲ, ಹಾಗಿದೆ."

ಮಾವ ಕಣ್ಣು ಮುಚ್ಚಿಕೊಂಡರು. ಆಕಾಶ ಅಷ್ಟು ಕುಣಿಯುತ್ತಿರುವಾಗ ಕಣ್ಣು ಮುಚ್ಚಿ ನಿಂತವರು ಇಡೀ ಸ್ವೀಡನ್ನಿನಲ್ಲಿ ಅವರೊಬ್ಬರೇ ಇರಬೇಕು.

"ಹಲ್ಲು ಜುಮ್ ಅನ್ನತ್ತಾ?"

"ಅನ್ನತ್ತೆ ಮಾವ."

"ಓಹೋ!" ಎಂದರು. ಅವರ ಬಾಯಲ್ಲಿ ನೀರೂರಿದ್ದು ಕತ್ತಲಲ್ಲೂ ಗೊತ್ತಾಯಿತು.

ಹೊರಡುವ ಮುಂಚೆ ಪೇಟೆಯಲ್ಲಿ ಆ ಚಿತ್ರದ ಎರಡು ಪ್ರತಿ ಮಾಡಿಸಿದರು. ಒಂದನ್ನು ಊರಿಗೆ ಒಯ್ದರು, ಒಂದು ನನಗೆ. ಅವರು ಹೋದ ಮೇಲೆ ನೆಲದ ಮೂರು ಸೊನ್ನೆ ಅಳಿಸಲು ಕೂತವಳು ಒಂದನ್ನು ಹಾಗೇ ಉಳಿಸಿದೆ. ಚಿತ್ರಕ್ಕೆ ಕಟ್ಟು ಹಾಕಿಸೋಣವೆಂದು ತಿರುವಿ ನೋಡಿದರೆ, ಹಿಂದೆ ಪೆನ್ಸಿಲಿನಲ್ಲಿ ಹಳೆಯ ಪದ್ಧತಿಯಂತೆ ಬರೆದಿತ್ತು:

"ಗಿರಾಕಿ: ಆಕಾಶ. ಬಣ್ಣ: ಮಾವಿನಕಾಯಿ, ಉಪ್ಪು ಹಚ್ಚಿದ್ದು. ಹೇಳಿದವರು: ನನ್ನ ಸೊಸೆ."